ಹೊರಗಿದ್ದ ಚಿಲಕ

ಪ್ರಿಯ ನಿಧಾನಿ,

ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ಈ ಪತ್ರವನ್ನು ನೀನೇ ಓದಬೇಕೆಂದು ನನ್ನಾಸೆ. ಆದ್ದರಿಂದ ಮೊದಲು ಸಭೆಗೆ ನನ್ನ ನಮಸ್ಕಾರ. ನನ್ನನ್ನು ತಿದ್ದಿ ಬೆಳೆಸಿದ ಹಿರಿಯರಿಗೆ ಕೃತಜ್ಞತೆ. ಅವರ ಕಣ್ಣಿಗೂ ಬೀಳದ ನನ್ನ ಒಂದು ತಪ್ಪನ್ನು ತಿದ್ದಿದವಳು ನೀನು.

ತಮ್ಮನ್ನು ತಾವು ಕಾಪಾಡಿಕೊಳ್ಳಲಾಗದವರ ಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸುವುದು ನಮ್ಮ ಕೆಲಸ. ನನಗೆ ಒಂದು ಮನೆಗೆ ಇಪ್ಪತ್ತು ನಿಮಿಷ ಸಾಕಾಗುತ್ತಿತ್ತು. ನಿನಗೆ ಗಂಟೆಯೂ ಸಾಲದು. "ನಮ್ಮ ನಿಧಾನಿ ಇನ್ನೂ ಬಂದಿಲ್ವಾ? ಅಲ್ಲೇ ಬಾಡಿಗೆಗೆ ಇದ್ದುಬಿಟ್ಲೋ ಏನೋ" ಎಂದು ಕಚೇರಿಯಲ್ಲಿ ನಕ್ಕವರಲ್ಲಿ ನಾನೂ ಒಬ್ಬ.

ನಾವು ವಿಚಾರಿಸಬೇಕಿದ್ದವರಲ್ಲಿ ಒಬ್ಬ ದರ್ಜಿ, ಪಾರ್ಶ್ವವಾಯು ಬಡಿದ ಮೇಲೆ, ತಮ್ಮನ ಮನೆಯ ಮಹಡಿಯ ಕೋಣೆಯಲ್ಲಿದ್ದರು, ಮಾತು ತೊಡರುತ್ತಿತ್ತು. ನಾನು ಆರು ಸಲ ಹೋಗಿದ್ದೆ. ಆರು ಸಲವೂ ಅವರ ಪರವಾಗಿ ತಮ್ಮನ ಹೆಂಡತಿ ಉತ್ತರಿಸಿದರು. ನಾನು "ಕ್ಷೇಮವಾಗಿದ್ದಾರೆ" ಎಂದು ಬರೆದೆ. ಏಳನೆಯ ಭೇಟಿಗೆ ನಿನ್ನನ್ನು ಕಳಿಸಿದೆ. ಅಂದು ನೀನು ಸಹಿ ಹಾಕಿದ್ದರೆ ಕಡತ ಮುಚ್ಚುತ್ತಿತ್ತು. ಆ ಮೆಟ್ಟಿಲನ್ನು ನಮ್ಮವರು ಮತ್ತೆಂದೂ ಹತ್ತುತ್ತಿರಲಿಲ್ಲ.

ಅಂದು ನಡೆದದ್ದನ್ನು ಆಡಿದ ಮಾತಿನಲ್ಲೇ ನೀನು ಬರೆದಿಟ್ಟೆ. "ಭಾವನಿಗೆ ಏನೂ ತೊಂದ್ರೆ ಇಲ್ಲ, ಊಟ ನಿದ್ದೆ ಎಲ್ಲಾ ಸರಿಯಾಗಿದೆ" ಎಂದರು ಆಕೆ. "ನೀವು ಹೇಳಿದ್ದು ಬರ್ಕೊಂಡೆ ಅಕ್ಕಾ. ಅವ್ರು ಹೇಳೋದನ್ನೂ ಬರ್ಕೋತೀನಿ, ಸ್ವಲ್ಪ ನಮ್ಮಿಬ್ರನ್ನೇ ಬಿಡಿ" ಎಂದೆ ನೀನು. ಬಾಗಿಲು ಹಾಕಿ ಚಿಲಕ ಹುಡುಕಿದೆ. ಒಳಗೆ ಚಿಲಕವೇ ಇರಲಿಲ್ಲ. ಇದ್ದದ್ದು ಹೊರಗೆ.

ನೀನು ಯಾರನ್ನೂ ದೂರಲಿಲ್ಲ. ಮಂಚದ ಪಕ್ಕ ಕುಳಿತು ಕಾದೆ. ಬಹಳ ಹೊತ್ತಿನ ಮೇಲೆ ದರ್ಜಿ ತುಟಿ ತೆರೆದರು: "ನಿನ್ ತೋಳಿನ ಹೊಲಿಗೆ ಬಿಟ್ಟಿದೆ, ಮಗಳೇ." ನೀನು ಮತ್ತೂ ಕಾದೆ. "ಹಗಲೆಲ್ಲಾ ಚಿಲಕ ಹಾಕಿರ್ತಾರೆ. ನಾನೇನು ಕಳ್ಳನಾ?"

ಅವರು ಮೆಟ್ಟಿಲಿನಿಂದ ಬಿದ್ದುಬಿಡಬಹುದೆಂಬ ಭಯ ತಮ್ಮನ ಹೆಂಡತಿಗೆ. ಆ ಭಯವನ್ನೂ ನೀನು ಅಷ್ಟೇ ತಾಳ್ಮೆಯಿಂದ ಕೇಳಿದೆ. ವಾರದೊಳಗೆ ಮೆಟ್ಟಿಲಿಗೆ ಹಿಡಿಕಂಬಿ ಬಂತು, ಚಿಲಕ ಕಳಚಿ ನನ್ನ ಮೇಜಿಗೆ ಬಂತು. "ಏನಮ್ಮ ಇದು?" ಎಂದೆ ನಾನು. "ನಮ್ಮ ಆರು ವರದಿ, ಸರ್" ಎಂದೆ ನೀನು. ಆ ಆರೂ ನನ್ನವು. 'ನಿಮ್ಮ' ಎನ್ನಬಹುದಿತ್ತು, 'ನಮ್ಮ' ಎಂದೆ. ಆ ಒಂದು ಅಕ್ಷರಕ್ಕೆ ನಾನು ಋಣಿ.

ಈ ಸಂಗತಿಯನ್ನು ಹೊಸಬರಿಗೆ ಹೇಳಲೇ ಎಂದು ದರ್ಜಿಯವರನ್ನೇ, ಅವರೊಬ್ಬರೇ ಇದ್ದಾಗ, ನಾನು ಕೇಳಿದೆ. ಕಾದೆ, ಉತ್ತರಕ್ಕೆ ನಲವತ್ತು ನಿಮಿಷ ಹಿಡಿಯಿತು. "ಹೇಳಿ. ಆ ಹುಡುಗಿಗೆ ತೋಳು ಹೊಲಿಸ್ಕೊಳ್ಳೋಕೂ ಹೇಳಿ" ಎಂದರು.

ಓದಿದ್ದು ಸಾಕು, ಮಗಳೇ. ಇಂದು ಹೋಗಬೇಕಾದ ಮನೆಗಳ ಪಟ್ಟಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಒಬ್ಬೊಬ್ಬ ಹೊಸಬರಿಗೂ ಒಂದೊಂದು ಹಾಳೆ ಕೊಡು. ಮೊದಲ ಮನೆಗೆ ಈಗಲೇ ಹೊರಡಿ.

ನಿನ್ನ ನಿಧಾನ ನೂರು ಕೋಣೆಗಳ ಬಾಗಿಲು ತೆರೆಸಲಿ ಎಂದು ಹರಸುವ,
ನಿನ್ನಿಂದ ಕಾಯುವುದನ್ನು ಕಲಿತ
ನಿನ್ನ ಸರ್