ಎದುರುಮನೆಯವರು ಹಾಕಿಸಿದ ಪ್ಯಾಡನ್ನೇ ಹಾಕಿಸಿ, ಚಂಪವ್ವ

ಧಾರವಾಡ,
ಮೂವತ್ತೊಂದನೇ ಫೆಬ್ರವರಿ, ೨೧೮೪

ನನ್ನ ಮುಖ ನೋಡದೆಯೇ ನನ್ನ ಗಂಟಲಲ್ಲಿ ಮನೆ ಮಾಡಿಕೊಂಡಿರುವ ಮುತ್ತಜ್ಜಿಯ ಅವ್ವ ಚಂಪವ್ವನವರಿಗೆ, ನಿಮ್ಮ ಗಿರಿಮಗ ಮಾರ್ತಾಂಡನ ಅಡ್ಡಬಿದ್ದ ನಮಸ್ಕಾರಗಳು.

ತಾರೀಖು ನೋಡಿ ಕಾಗದವನ್ನು ಎಸೆದುಬಿಡಬೇಡಿ. ನಿಮ್ಮ ಕಾಲದಲ್ಲಿ ಇಪ್ಪತ್ತೆಂಟಕ್ಕೇ ತಲೆ ಕಡಿಸಿಕೊಳ್ಳುತ್ತಿದ್ದ ಫೆಬ್ರವರಿಗೆ ನಮ್ಮ ಕಾಲದಲ್ಲಿ ನ್ಯಾಯ ಸಿಕ್ಕಿದೆ. ನನ್ನ ಕೆಲವು ಶಬ್ದಗಳೂ ನಿಮಗೆ ವಿಚಿತ್ರವೆನಿಸಬಹುದು. ಮನ್ನಿಸಿ, ಬಂದ ಕಡೆಯಲ್ಲೇ ಬಿಡಿಸಿ ಹೇಳುತ್ತೇನೆ. ದನಿ ಜೋರಾಯಿತೆಂದು ಮಾತ್ರ ಕ್ಷಮೆ ಕೇಳಲಾರೆ. ಅದು ನಿಮ್ಮಿಂದಲೇ ಇಳಿದು ಬಂದದ್ದು. ಕಟ್ಟಕಡೆಯ ಸಾಲಿನವನಿಗೆ ಕೇಳದ ಮಾತು ಮಾತೇ ಅಲ್ಲವೆಂದು ನೀವು ನಾಯಕಿಯಾಗಿ ಮೆರೆದ ನಮ್ಮ ರತ್ನಕಂಠ ನಾಟ್ಯ ಸಂಘದ ರಂಗದ ಮೇಲೆ ಹಾಲುಹಲ್ಲಿನಲ್ಲೇ ಕಲಿತವನು ನಾನು.

ಇದು ಹಿಂದೋಲೆ. ಅಂದರೆ ಹಿಂದಿನವರಿಗೆ ಬರೆಯುವ ಕಾಗದ. ಸ್ವಂತ ರಕ್ತದವರಿಗೆ ಮಾತ್ರ, ಬದುಕಿನಲ್ಲಿ ಒಂದೇ ಒಂದು ಸಲ ಬರೆಯಲು ಅಪ್ಪಣೆಯಿದೆ. ಜನ ಇದನ್ನು ಏನೇನಕ್ಕೋ ಬಳಸುತ್ತಾರೆ. ಒಬ್ಬಾಕೆ ಅಜ್ಜನಿಗೆ ಬೀಡಿ ಬಿಡಿಸಿದಳು, ಇನ್ನೊಬ್ಬ ಮುತ್ತಾತನ ಮದುವೆಯನ್ನೇ ತಪ್ಪಿಸಲು ಹೋಗಿ ತಾನೇ ಇಲ್ಲವಾದನಂತೆ. ನಾನು ನನ್ನ ಒಂದೇ ಕಾಗದವನ್ನು ನಿಮ್ಮ ಹಳದಿ ಸ್ಪೋರ್ಟ್ಸ್ ಕಾರಿನ ಬ್ರೇಕ್ ಪ್ಯಾಡಿಗಾಗಿ ಖರ್ಚು ಮಾಡುತ್ತಿದ್ದೇನೆ. ನಗಬೇಡಿ, ಚಂಪವ್ವ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ!

ನಮ್ಮ ಊರು ಹೇಗಿದೆಯೆಂದು ಮೊದಲು ಕೇಳಿ. ಇಲ್ಲಿ ಎಲ್ಲರೂ ತೇಲುಬಂಡಿಯಲ್ಲಿ ಓಡಾಡುತ್ತಾರೆ. ಅದು ನೆಲಕ್ಕೆ ತಾಗುವುದಿಲ್ಲ, ತಾನೇ ಹೊರಡುತ್ತದೆ, ತಾನೇ ನಿಲ್ಲುತ್ತದೆ. ಒಳಗೆ ಕೂತವರು ಶೇಂಗಾ ಸುಲಿಯುತ್ತ ಕೂಡುವುದಷ್ಟೇ. ಗದ್ದಲವೆಂಬುದೇ ಇಲ್ಲ. ಒಬ್ಬರ ಮನೆಯಲ್ಲಿ ರೊಟ್ಟಿ ತಟ್ಟಿದರೆ ಓಣಿಯ ತುದಿಯವರೆಗೆ ಕೇಳುತ್ತದೆ, ತಟ್ಟಿದವಳಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಸದ್ದುಗಾವಲಿನವರು, ಅಂದರೆ ಗದ್ದಲ ಹಿಡಿಯುವ ಅಧಿಕಾರಿಗಳು, ಹೂವಿನ ಚಪ್ಪಲಿ ಮೆಟ್ಟಿ ತಿರುಗುತ್ತಾರೆ. ನಾಟಕದ ದಿನ ನನಗೆ ಕೂಗಲು ಪರವಾನಗಿ ಇದೆ. ಉಳಿದ ದಿನ ನಾನು ತಲೆದಿಂಬಿನೊಳಗೆ ಮುಖವಿಟ್ಟು ಮಾತು ತಾಲೀಮು ಮಾಡುತ್ತೇನೆ.

ಕಾಲಿನಿಂದ ಒತ್ತಿ ಓಡಿಸುವ, ಒತ್ತಿ ನಿಲ್ಲಿಸುವ ಬಂಡಿಗೆ ಈಗ ಕಾಲ್ಗಾಡಿ ಎನ್ನುತ್ತಾರೆ. ಈ ಊರಿನಲ್ಲಿ ಉಳಿದಿರುವುದು ಎರಡೇ. ಒಂದು ನಿಮ್ಮ ಹಳದಿಯದು. ಇನ್ನೊಂದು ನಿಮ್ಮ ಎದುರುಮನೆಯ ಬಸಲಿಂಗ ಮಾಸ್ತರರ ನೀಲಿಯದು. ಒಂದೇ ಕಂಪನಿ, ಒಂದೇ ವರ್ಷದ ಅವಳಿ ಕಾರುಗಳು. ಮಾಸ್ತರರ ಗಿರಿಮಗ ನಿಜಗುಣ ಈಗಲೂ ನಮ್ಮ ಎದುರುಮನೆಯಲ್ಲೇ ಇದ್ದಾನೆ. ಅವನು ದಿನಾ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿಬರುತ್ತಾನೆ, ಸ್ವಂತ ಕಾಲಿನಿಂದ! ತಿರುವಿನಲ್ಲಿ ಅವನ ಕಾರು ನಿಲ್ಲುವುದನ್ನು ನೀವು ನೋಡಬೇಕು. ಕೀರಲು ದನಿಯಿಲ್ಲ, ನಡುಕವಿಲ್ಲ. ರಾಣಿಯೊಬ್ಬಳು ಸಿಂಹಾಸನದಲ್ಲಿ ಕೂತಂತೆ ಕೂಡುತ್ತದೆ. ಹುಡುಗಿಯರು ತೇಲುಬಂಡಿ ನಿಲ್ಲಿಸಿಕೊಂಡು ನೋಡುತ್ತಾರೆ. ನನ್ನ ನಾಟಕಕ್ಕೆ ಬಾರದ ನನ್ನ ಸ್ವಂತ ಅತ್ತೆ ಅವನ ಕಾರು ನೋಡಲು ಕಿಟಕಿಗೆ ಬರುತ್ತಾಳೆ. ನಾನು ಪರದೆಯ ಹಿಂದೆ ನಿಂತು ಉಗುರು ಕಚ್ಚುತ್ತೇನೆ.

ನಮ್ಮದೋ? ನಿನ್ನೆ ಮೌನಪರೀಕ್ಷೆಯಿತ್ತು. ಓಡುವ ಕಾಲ್ಗಾಡಿಯನ್ನು ಗುರುತಿನ ಗೆರೆಯ ಮೇಲೆ ಸದ್ದಿಲ್ಲದೆ ನಿಲ್ಲಿಸಿ ತೋರಿಸಬೇಕು. ನಾನು ಪೇಟ ಸುತ್ತಿ, ಮೀಸೆ ತೀಡಿ ಹೊರಟೆ. ಗೆರೆ ಬಂತು, ಪೆಡಲ್ ಒತ್ತಿದೆ. ಅಯ್ಯೋ! ಸೀತೆಯನ್ನು ಹೊತ್ತೊಯ್ದಾಗಲೂ ಕಾಡು ಅಷ್ಟು ಚೀರಿರಲಿಕ್ಕಿಲ್ಲ. ಮರದ ಹಕ್ಕಿಗಳೆಲ್ಲ ಎದ್ದು ಹೋದವು. ಸದ್ದುಗಾವಲಿನ ತುಂಗಾಬಾಯಿ ಕಿವಿಯಿಂದ ಬೆರಳು ತೆಗೆದು, “ಯಪ್ಪಾ ಮಾರ್ತಾಂಡಪ್ಪ, ಇದು ಗಾಡಿ ನಿಂತದ್ದೋ, ಯಾರರ ಸತ್ತದ್ದೋ?” ಎಂದಳು. ಗೋಡೆಗೊರಗಿ ನಿಂತಿದ್ದ ನಿಜಗುಣ ಸುಮ್ಮನಿದ್ದಾನೆಯೇ? “ಹಂಗ ಅನಬ್ಯಾಡ್ರಿ ಬಾಯಾರ, ಅದು ಅವರ ಮನಿತನದ ಗಾಡಿ. ಡೈಲಾಗ್ ಹೊಡೀದ ನಿಂದ್ರಂಗಿಲ್ಲ” ಎಂದ. ಅಲ್ಲಿದ್ದವರೆಲ್ಲ ನಕ್ಕರು, ಚಂಪವ್ವ. ನಾನು ನಗಿಸದೆಯೇ ಜನ ನಕ್ಕರು. ಅದಕ್ಕಿಂತ ದೊಡ್ಡ ಅವಮಾನ ನಟನಿಗೆ ಯಾವುದಿದೆ?

ಆಮೇಲೆ ಅವನು ಹತ್ತಿರ ಬಂದು, “ಬೇಜಾರಾಗಬ್ಯಾಡೋ, ನನ್ನ ಬಾಜೂಕ ಕೂಡ್ರು ಬಾ, ಹುಬ್ಬಳ್ಳಿತನಕ ಹೋಗಿಬರೂಣು” ಎಂದ. ಬಾಜೂಕ! ನಾಯಕನ ಪಾತ್ರ ಮಾಡಿದವನು ಛತ್ರಿ ಹಿಡಿಯುವವನಂತೆ ಪಕ್ಕದಲ್ಲಿ ಕೂಡಬೇಕೇ? ಬರುವುದಿಲ್ಲ ಎಂದೆ. ಬರೀ ಎನ್ನಲಿಲ್ಲ, ಪರವಾನಗಿಯಿಲ್ಲದ ದಿನ ಕೂಗಿಯೇ ಹೇಳಿದೆ. ನಾಳೆ ಮರುಪರೀಕ್ಷೆಯಿದೆ. ಅದರಲ್ಲೂ ಚೀರಿದರೆ ನಿಮ್ಮ ಹಳದಿ ಕಾರನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು ಚಕ್ರಕ್ಕೆ ಮೊಳೆ ಹೊಡೆಯುತ್ತಾರೆ. ಆಮೇಲೆ ಅದನ್ನು ಯಾರೂ, ಎಂದೂ ಓಡಿಸುವಂತಿಲ್ಲ.

ಇದರ ಬೇರು ನಿಮ್ಮಲ್ಲಿದೆ. ನಮ್ಮ ಮನೆಯಲ್ಲಿ ಈ ಕಥೆಯನ್ನು ಮಕ್ಕಳಿಗೆ ಉಣ್ಣಿಸುವಾಗ ಹೇಳುತ್ತಾರೆ, ಅದೂ ಹೆಮ್ಮೆಯಿಂದ. ನೀವು ಅಂಗಡಿಗೆ ಹೊರಟು ನಿಂತಾಗ ಮಾಸ್ತರರು ಕಟ್ಟೆಯ ಮೇಲಿಂದ, “ಚಂಪವ್ವಾರ, ನಾ ಸೆರಾಮಿಕ್ ಪ್ಯಾಡ್ ಹಾಕಿಸೀನಿ. ಸದ್ದಿಲ್ಲ, ಲಗೂನ ಸವೆಯಂಗಿಲ್ಲ. ನೀವೂ ಅದನ್ನ ಹಾಕಸ್ರಿ” ಎಂದರಂತೆ. ನೀವು ಸೆರಗು ಸಿಕ್ಕಿಸಿ, “ಎದುರು ಕಂಪನಿ ನಾಯಕಿ ಉಟ್ಟ ಸೀರಿ ನಾ ಉಡ್ತೀನೇನ್ರಿ ಮಾಸ್ತರ?” ಎಂದಿರಂತೆ. ಹೋಗಿ, ರೇಸಿನವರು ಹಾಕಿಸುವ ಪ್ಯಾಡನ್ನು ತಂದಿರಂತೆ. ಒಂದು ರಂಗದಲ್ಲಿ ಇಬ್ಬರು ಒಂದೇ ಬಣ್ಣ ತೊಡಬಾರದೆಂಬುದು ನಮ್ಮ ಕಂಪನಿಯ ಕಟ್ಟಳೆ, ನಿಜ. ಆದರೆ ಚಕ್ರದ ಒಳಗಿನ ಪ್ಯಾಡನ್ನು ಯಾವ ಪ್ರೇಕ್ಷಕ ನೋಡುತ್ತಾನೆ, ತಾಯಿ?

ಅದನ್ನು ಹಾಕಿಸಿದವರು ನೀವು. ಹಟ ಮುಂದುವರಿಸಿದವರು ನಾವು. ಪ್ಯಾಡು ಸವೆದಾಗಲೆಲ್ಲ ‘ಚಂಪವ್ವ ಹಾಕಿಸಿದ್ದು’ ಎಂದು ತಲೆತಲಾಂತರ ಅದನ್ನೇ ಹಾಕಿಸಿದೆವು. ರೇಸಿನ ಪ್ಯಾಡು ಕಾದು ಕೆಂಡವಾದರೆ ಮಾತ್ರ ಬಿಗಿಯಾಗಿ ಹಿಡಿಯುತ್ತದೆ. ತರಕಾರಿ ತರಲು, ತಾಲೀಮಿಗೆ ಹೋಗಲು ದಿನಾ ಓಡುವ ಕಾರಿನಲ್ಲಿ ಅದು ಕಾಯುವುದು ಯಾವಾಗ? ತಣ್ಣಗಿರುವಾಗ ಚೀರುತ್ತದೆ, ಕಪ್ಪು ಧೂಳು ಉಗುಳುತ್ತದೆ, ಚಕ್ರದೊಡನೆ ತಿರುಗುವ, ತಾನು ಒತ್ತಿ ಹಿಡಿಯುವ ಕಬ್ಬಿಣದ ತಟ್ಟೆಯನ್ನೇ ತಿನ್ನುತ್ತದೆ. ಹಾಗೆ ಜೋಡಿ ಜೋಡಿ ತಟ್ಟೆಗಳನ್ನು ತಿಂದು ಮುಗಿಸಿತು. ಕೊನೆಯ ಜೋಡಿ ಈಗ ಹಪ್ಪಳದಂತಾಗಿದೆ, ಎರಕ ಹೊಯ್ದು ಕೊಡುವ ಕಾರ್ಖಾನೆ ಭೂಮಿಯ ಮೇಲಿಲ್ಲ. ನಿಜಗುಣನ ಮನೆಯಲ್ಲಿ ಇನ್ನೂ ದಪ್ಪ ತಟ್ಟೆಗಳಿವೆ. ಅವನು ಅವಕ್ಕೆ ಎಣ್ಣೆಗೈ ತಾಗಿಸುವುದೂ ಇಲ್ಲ, ಬ್ರೇಕ್ ಜಾರುತ್ತದಂತೆ. ಇದನ್ನೆಲ್ಲ ನನಗೆ ಕಲಿಸಿದ್ದು ಅವನ ಜಂಬವೇ. ಕಲಿಯುತ್ತ ಕಲಿಯುತ್ತ ನಾನು ಒಳಗೆ ಬೇಯುತ್ತಿದ್ದೆ.

ಸತ್ಯ ಹೇಳಲೇ? ನಿಮ್ಮ ಮೇಲೂ ನನಗೆ ಹೊಟ್ಟೆಕಿಚ್ಚಿದೆ. ಹಸಿರು ದೀಪಕ್ಕೆ ಕಾಯುತ್ತ, ಬೈದಾಡುತ್ತ, ಬಸ್ಸಿನ ಹಾರ್ನಿನ ನಡುವೆ ನೀವು ದಿನಾ ಆ ಕಾರು ಓಡಿಸುತ್ತೀರಿ. ಅದನ್ನು ಬೇಸರವೆಂದು ಬೇರೆ ಕರೆಯುತ್ತೀರಿ!

ಆದ್ದರಿಂದ ಕೇಳಿಕೊಳ್ಳುತ್ತೇನೆ. ನೀವು ಅಂಗಡಿಗೆ ಹೊರಡುವ ಹಿಂದಿನ ದಿನವೇ ಈ ಕಾಗದ ನಿಮ್ಮ ಕೈ ಸೇರುತ್ತದೆ. ನಿಮ್ಮ ನಾಳೆ ಅಂಗಡಿಯವನು ಎರಡು ಡಬ್ಬಿ ಮುಂದಿಟ್ಟಾಗ ಸೆರಾಮಿಕ್ ಎಂದು ಬರೆದದ್ದನ್ನೇ ತೆಗೆದುಕೊಳ್ಳಿ. ಮೂರನೆಯದಾಗಿ ತೀರ ಮೆತ್ತನೆಯದೊಂದನ್ನೂ ತೋರಿಸಿಯಾನು. ಅದೂ ಸದ್ದು ಮಾಡುವುದಿಲ್ಲ, ಆದರೆ ಬೇಗ ಸವೆಯುತ್ತದೆ, ಬೇಡ. ಪ್ಯಾಡಿನ ಬೆನ್ನಿಗೆ ನಡುಕ ನುಂಗುವ ತೆಳುಹಾಳೆ ಇದೆಯೇ ನೋಡಿ. ಹಾಕಿಸಿದ ಮೇಲೆ ಖಾಲಿ ರಸ್ತೆಗೆ ಹೋಗಿ, ಪೂರ್ತಿ ನಿಲ್ಲಿಸದೆ, ವೇಗ ತಗ್ಗಿಸಿ ಏರಿಸಿ ಹಲವು ಸಲ ಪಳಗಿಸಿ, ಬಳಿಕ ಆರಲು ಬಿಡಿ. ಮಾಸ್ತರರು ಕಟ್ಟೆಯ ಮೇಲೆ ಮೀಸೆಯಲ್ಲೇ ನಕ್ಕರೆ ನಗಲಿ. ನಿಮಗೆ ಉರಿಯುತ್ತದೆ, ಗೊತ್ತು. ಆ ಉರಿಯನ್ನು ರಂಗದ ಮೇಲೆ ಸುರಿಯಿರಿ, ಬ್ರೇಕಿಗೆ ಹಾಕಬೇಡಿ. ಮತ್ತೆ ಅವರ ಕಾರಿಗಿಂತ ನಮ್ಮದನ್ನು ಒಂದು ಕೂದಲೆಳೆಯಷ್ಟು ಚೆನ್ನಾಗಿ ಪಳಗಿಸಿ. ಅಷ್ಟು ಮಾತ್ರ ಬಿಡಬೇಡಿ.

ಹಿಂದೋಲೆಗೆ ಉತ್ತರ ಬರುವ ಪದ್ಧತಿಯಿಲ್ಲ. ನಾಳೆ ಬೆಳಿಗ್ಗೆ ಗೆರೆಯ ಹತ್ತಿರ ನಾನು ಪೆಡಲ್ ಒತ್ತುತ್ತೇನೆ. ಗೋಡೆಗೊರಗಿ ನಿಜಗುಣ ನಿಂತಿರುತ್ತಾನೆ, ನಗಲು ಬಾಯಿ ತೆರೆದುಕೊಂಡು. ಚಪ್ಪಾಳೆಯ ಮೇಲೇ ಬದುಕಿದವನು ನಾನು, ಚಂಪವ್ವ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ನಿಶ್ಶಬ್ದಕ್ಕಾಗಿ ಕಿವಿ ಕೊಟ್ಟು ಕೂತಿರುತ್ತೇನೆ. ಏನೂ ಕೇಳಿಸದಿದ್ದರೆ ನೀವು ಓದಿದಿರಿ ಎಂದುಕೊಳ್ಳುತ್ತೇನೆ. ಆಮೇಲೆ ಕಾರಿನ ಬಾಗಿಲು ತೆರೆದು ಅವನಿಗೆ ಹೇಳುತ್ತೇನೆ, ಮೆಲ್ಲಗೆ: “ನನ್ನ ಬಾಜೂಕ ಕೂಡ್ರು ಬಾ.”

ನಿಮ್ಮ,
ಮಾರ್ತಾಂಡ