ಒಬ್ಬರೇ ಇದ್ದೀರಾ?

ಮಾರ್ಚ್ ೧೨, ಮಂಗಳವಾರ

ಸಭೆಯಲ್ಲಿ ನೆರೆದಿರುವ ಮಹಾಜನರೇ, ಸದ್ದು ಮಾಡದೆ ಆಲಿಸಿ. ಹೆರಿಗೆಯಾದ ಹೆಂಗಸರಿಗೆ ಮನೆಯಿಂದಲೇ ಫೋನ್ ಮಾಡಿ ಗರ್ಭನಿರೋಧಕದ ಸಲಹೆ ಕೊಡುವವಳು ನಾನು. "ಮಗು ನಡೆಯಲಿ, ಮಾತಾಡಲಿ, ಇನ್ನೊಂದು ಆಮೇಲೆ ಬರಲಿ" ಎಂಬ ಪ್ರಾಸ ನನ್ನದೇ. ಮೊದಲ ಪ್ರಶ್ನೆ ಮಾತ್ರ ನಿಯಮದ್ದು: "ಒಬ್ಬರೇ ಇದ್ದೀರಾ?" ಅತ್ತೆಯ ಕಿವಿಗೆ ಬೀಳಬಾರದಲ್ಲ!

ಇವತ್ತು ಎರಡು ತಿಂಗಳ ಬಾಣಂತಿಯೊಬ್ಬಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಪಿಸುಗುಟ್ಟಿದಳು: "ಹ್ಞೂಂ ಅಕ್ಕಾ, ಮನೆ ತುಂಬ ಜನ. ಒಬ್ಬಳೇ ಇರೋದು ಇಲ್ಲಿ ಮಾತ್ರ. ಬೇಗ ಹೇಳಿ, ಟ್ಯಾಂಕ್ ಖಾಲಿಯಾಗತ್ತೆ." ಇಬ್ಬರೂ ನಕ್ಕೆವು. ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದನ್ನು ಆರಿಸಿಕೊಂಡಳು. ಫೋನ್ ಇಡುವ ಮುನ್ನ ಕೇಳಿದಳು: "ನೀವೂ ಒಬ್ಬರೇನಾ ಅಕ್ಕಾ? ಸದ್ದೇ ಇಲ್ಲ ಆ ಕಡೆ."

"ಅಯ್ಯೋ, ಮನೆ ತುಂಬ ಇದ್ದಾರಮ್ಮಾ," ಎಂದೆ.

ಸುಳ್ಳು. ಸಭೆಯೂ ಇಲ್ಲ, ಮಹಾಜನರೂ ಇಲ್ಲ. ಯಾರಾದರೂ ನನ್ನನ್ನು ಹಾಗೆ ಕೇಳಲಿ ಎಂದು ವರ್ಷಗಟ್ಟಲೆ ಕಾದಿದ್ದೆ. ಕೊನೆಗೆ ಒಬ್ಬಳು ಕೇಳಿದರೆ, ನಾನು...