ಒಂದು ಲೋಟ ನೀರು

ಅಡಿಲೇಡ್, ಆಗಸ್ಟ್ 1996

ತಂಗಿ ಸುಗುಣಾ,

ಈ ಕಾಗದಕ್ಕೆ ಬರೆಯಲು ವಿಳಾಸವಿಲ್ಲ; ಆದರೂ ಇದನ್ನು ಹೇಳಬೇಕಾದದ್ದು ನಿನಗೇ.

ಇವತ್ತು ಮಧ್ಯಾಹ್ನ ನನ್ನ ವಾರ್ಡಿನಲ್ಲಿ ಒಬ್ಬ ಹುಡುಗಿಗೆ ಫಿಟ್ಸ್ ಬಂತು. ನಿನ್ನ ಆಗಿನ ವಯಸ್ಸೇ, ಹದಿನಾಲ್ಕು. ಮೊದಲು ತುಟಿಯ ಒಂದು ಕೊನೆ ಅದುರಿತು. ನೀನು ಬೇಕೆಂದೇ ಅಣಕಿಸುತ್ತಿದ್ದೀ ಎಂದು ನಾನು ಬೈದಿದ್ದೆನಲ್ಲ, ಅದೇ ಅದುರು. ಅವಳನ್ನು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡುತ್ತ ಪಕ್ಕದಲ್ಲೇ ನಿಂತೆ. ಅದುಮಿ ಹಿಡಿಯಲಿಲ್ಲ.

ಅವಳ ತಾಯಿ ವನಜಾ ಆಂಟಿ ಮೈಸೂರಿನವರು. ಬೀಗದ ಕೈ ಗೊಂಚಲನ್ನು ಮಗಳ ಮುಷ್ಟಿಗೆ ತುರುಕಿ, ನೀರಿನ ಲೋಟ ಎತ್ತಿಕೊಂಡರು.

"ಬೇಡಿ ಆಂಟಿ, ಬಾಯಿಗೆ ಏನೂ ಹಾಕ್ಬೇಡಿ, ಉಸಿರು ಕಟ್ಟುತ್ತೆ."

ಎರಡು ನಿಮಿಷಕ್ಕೆ ನಿಂತಿತು. ಸ್ವಲ್ಪ ಹೊತ್ತಿಗೆ ಹುಡುಗಿ ಕಣ್ಣುಬಿಟ್ಟಳು.

ಅವತ್ತು ಅಮ್ಮ ನಿನ್ನ ಮುಷ್ಟಿಗೆ ಬೀಗದ ಕೈ ಒತ್ತುತ್ತಿದ್ದಾಗ, ನಿನ್ನನ್ನು ಅಂಗಾತ ಅದುಮಿ ಲೋಟವನ್ನು ಬಾಯಿಗೆ ಹಿಡಿದವಳು ನಾನು. ನೀನು ಮತ್ತೆ ಕಣ್ಣುಬಿಡಲಿಲ್ಲ.

ಆಂಟಿ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. "ಎಷ್ಟು ಚೆನ್ನಾಗಿ ಗೊತ್ತಮ್ಮ ನಿಂಗೆ! ನಿಮ್ಮನೇಲೂ ಯಾರಿಗಾದ್ರೂ ಹೀಗೆ ಬರ್ತಿತ್ತಾ?"

"ಇಲ್ಲ ಆಂಟಿ," ಎಂದೆ. "ನಾನೊಬ್ಬಳೇ ಮಗಳು."